ಪುಸ್ತಕಕ್ಕೆ ಅಂಗಿ ಹೊಲಿದ ಮೇಡಂ

ಬೀಳ್ಕೊಡುಗೆಯ ದಿನ ನಮ್ಮ ಪಂಚಾಯಿತಿಯವರು ಲೈಬ್ರರಿ ಮೇಡಂ ಹೆಗಲಿಗೆ ಜರಿ ಅಂಚಿನ ಶಾಲು ಹೊದಿಸಿದರು. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಫೋಟೋ ತೆಗೆಯುವವನು "ಸ್ವಲ್ಪ ನಗಿ ಮೇಡಂ" ಅಂದ. ಮೇಡಂ ಅವನ ಕಡೆ ನೋಡಲೇ ಇಲ್ಲ. ಶಾಲಿನ ತುದಿಯನ್ನು ಎರಡು ಬೆರಳ ನಡುವೆ ಇಟ್ಟು ಉಜ್ಜಿ ನೋಡುತ್ತಿದ್ದರು. ಆಮೇಲೆ ಪಕ್ಕದಲ್ಲಿದ್ದ ನನ್ನ ಕಿವಿಗೆ ಮಾತ್ರ ಬೀಳುವ ಹಾಗೆ ಹೇಳಿದರು: "ಬಟ್ಟೆ ಚೆನ್ನಾಗಿದೆ ಸಾರ್. ನಾಲ್ಕು ಪುಸ್ತಕಕ್ಕೆ ಆಗತ್ತೆ."

ನಾನು ಗೊಳ್ಳೆಂದು ನಕ್ಕುಬಿಟ್ಟೆ. ಪಂಚಾಯಿತಿ ಗೋಡೆಯ ಮೇಲೆ ಈಗ ತೂಗುಹಾಕಿರುವ ಫೋಟೋದಲ್ಲಿ ಎಲ್ಲರೂ ಗಂಭೀರವಾಗಿ ನಿಂತಿದ್ದಾರೆ, ನಾನೊಬ್ಬ ಬಾಯಿ ಅಗಲಿಸಿಕೊಂಡಿದ್ದೇನೆ. ನೋಡಿದವರೆಲ್ಲ, ಆಯಮ್ಮ ಹೋಗ್ತಾ ಇದ್ದರೆ ಇವನಿಗೇನು ಇಷ್ಟು ಖುಷಿ ಅಂತ ಕೇಳುತ್ತಾರೆ. ಖುಷಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅವತ್ತು ನನಗೆ ಅಳು ಬರುವ ಹಾಗಾಗಿತ್ತು.

ನಾನು ಈ ಪಂಚಾಯಿತಿಯ ಬಿಲ್ ಕಲೆಕ್ಟರ್. ಮನೆ ಕಂದಾಯ, ನೀರಿನ ಕಂದಾಯ ವಸೂಲಿ ನನ್ನ ಕೆಲಸ. ನಾನು ಬೀದಿಗೆ ಕಾಲಿಟ್ಟರೆ ಗಂಡಸರು ಹಿತ್ತಲ ಬಾಗಿಲಿಂದ ಹೊಲಕ್ಕೆ ಹೋಗುತ್ತಾರೆ, ಹೆಂಗಸರು "ಯಜಮಾನ್ರು ಇಲ್ಲ ಕನಪ್ಪ" ಅಂತ ಒಳಗಿಂದಲೇ ಹೇಳುತ್ತಾರೆ. ಹೀಗಿರುವಾಗ ನನ್ನ ಮೇಜಿನ ಪಕ್ಕದ ಗೋಡೆಗೆ ಅಂಟಿದ ಆ ಒಂದು ರೂಮಿಗೆ ಜನ, ಅದರಲ್ಲೂ ಚಿಳ್ಳೆಪಿಳ್ಳೆ ಜನ, ಕರೆಯದೆ ಓಡೋಡಿ ಬರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ರೂಮೇ ಲೈಬ್ರರಿ. ಆ ರೂಮಿನ ಕೀ ಯಾರ ಕೈಯಲ್ಲಿ ಇರಬೇಕು ಅನ್ನುವುದರ ಮೇಲೆ ನಮ್ಮೂರಿನಲ್ಲಿ ನಡೆದದ್ದನ್ನು ಹೇಳದೆ ಮೇಡಂ ಎಂಥವರು ಅಂತ ಹೇಳುವುದಕ್ಕೆ ಆಗುವುದಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ನಮಗೆಲ್ಲ ಅವರು ಲೈಬ್ರರಿ ಮೇಡಂ. ಮನೆ ಚಾಮರಾಜನಗರದಲ್ಲಿ. ಅವರ ಯಜಮಾನರು ಅಲ್ಲೇ ಟೈಲರ್. ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸು ಹತ್ತಿ, ತೆರಕಣಾಂಬಿ ದಾಟಿ, ಮೇನ್ ರೋಡಿನಿಂದ ನಮ್ಮೂರಿಗೆ ತಿರುಗುವ ಗೇಟಿನಲ್ಲಿ ಇಳಿದು ಊರೊಳಕ್ಕೆ ನಡೆದು ಬರುತ್ತಿದ್ದರು. ಬಂದವರೇ ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ, ಕೊರಳಿಗೆ ಟೈಲರ್ ಟೇಪು ಹಾಕಿಕೊಂಡು ಕೂತರೆಂದರೆ ಕೆಲಸ ಶುರು.

ಆ ಟೇಪು ಯಾಕೆಂದರೆ ಪುಸ್ತಕಗಳ ಅಳತೆ ತೆಗೆಯುವುದಕ್ಕೆ. ಅವರು ಬಂದಾಗ ನಮ್ಮ ಲೈಬ್ರರಿಯ ಪುಸ್ತಕಗಳಿಗೆ ಬೆನ್ನು ಇರಲಿಲ್ಲ, ಕೆಲವಕ್ಕೆ ತಲೆಯೂ ಇರಲಿಲ್ಲ. ಬೈಂಡಿಂಗಿಗೆ ಕಳಿಸೋಣ ಅಂತ ಕೇಳಿದರೆ ಮುಂದಿನ ವರ್ಷ ನೋಡೋಣ ಅನ್ನುವುದು ನಮ್ಮ ಆಫೀಸಿನ ಖಾಯಂ ಉತ್ತರ. ಮೇಡಂ ಎರಡನೇ ಸಲ ಕೇಳಲಿಲ್ಲ. ಯಜಮಾನರ ಅಂಗಡಿಯಲ್ಲಿ ಉಳಿದ ಬಟ್ಟೆ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದರು. ಹಾಳೆಗಳನ್ನು ದಬ್ಬಳದಲ್ಲಿ ಚುಚ್ಚಿ ಹೊಲಿದು, ರಟ್ಟು ಇಟ್ಟು, ಮೇಲೆ ಬಟ್ಟೆ ಅಂಟಿಸಿದರು. ಒಂದು ಮಳೆಗಾಲ ಕಳೆಯುವುದರೊಳಗೆ ಬೀರುವಿನ ಪುಸ್ತಕಗಳೆಲ್ಲ ಅಂಗಿ ತೊಟ್ಟುಕೊಂಡು ನಿಂತವು.

ಇದರಿಂದ ಒಂದು ತಮಾಷೆಯಾಯಿತು. ಅಕ್ಷರ ಕೂಡಿಸಲು ಬಾರದ ಸಣ್ಣ ಐಕಳು ಕೂಡ ಪುಸ್ತಕ ಕೇಳಿ ತೆಗೆದುಕೊಳ್ಳತೊಡಗಿದವು. "ಮೇಡಂ, ಪೊಲೀಸ್ ಪುಸ್ತಕ ಕೊಡಿ" ಅಂದರೆ ಖಾಕಿ ಬಟ್ಟೆಯದು. "ಮದುವೆ ಪುಸ್ತಕ" ಅಂದರೆ ರವಿಕೆ ಜರಿಯದು. ಆಮೇಲಾಮೇಲೆ ಊರಿನವರೇ ಹಳೆ ಬಟ್ಟೆ ತಂದು ಕೊಡಲು ಶುರು ಮಾಡಿದ್ದರಿಂದ "ನಮ್ಮಜ್ಜಿ ಸೀರೆ ಪುಸ್ತಕ", "ನಮ್ಮಪ್ಪನ ಪ್ಯಾಂಟ್ ಪುಸ್ತಕ" ಎಲ್ಲ ಬಂದವು. ಅಪ್ಪನ ಪ್ಯಾಂಟಿನೊಳಗೆ ಏನಿದೆಯೋ ನೋಡಬೇಕು ಅಂತಲೇ ಒಬ್ಬ ಓದು ಕಲಿತ.

ತಾಲ್ಲೂಕಿನಿಂದ ಒಮ್ಮೆ ಬಂದ ಸಾಹೇಬರು ಮಾತ್ರ ಹುಬ್ಬು ಗಂಟಿಕ್ಕಿದರು. "ಏನ್ರೀ ಇದು, ಯಾವ ಪುಸ್ತಕದ ಮೇಲೂ ಹೆಸರೇ ಇಲ್ಲ?" ಅಂದರು. "ಓದಿದವರು ಬರೀತಾರೆ ಸಾರ್" ಅಂದರು ಮೇಡಂ. ಅದು ಅವರ ಕಾನೂನು. ಒಂದು ಪುಸ್ತಕವನ್ನು ಪೂರ್ತಿ ಓದಿ ಮುಗಿಸಿದ ಮೊದಲ ಮಗುವಿಗೆ ಬಿಳಿ ಚೀಟಿಯ ಮೇಲೆ ಆ ಪುಸ್ತಕದ ಹೆಸರು ಬರೆದು ಬೆನ್ನಿಗೆ ಅಂಟಿಸುವ ಹಕ್ಕು. ದೊಡ್ಡವರು ಯಾರೂ ಬರೆಯುವ ಹಾಗಿಲ್ಲ, ಅಕ್ಷರ ಸೊಟ್ಟಗಿದ್ದರೆ ತಿದ್ದುವ ಹಾಗೂ ಇಲ್ಲ. ನಮ್ಮ ಬೀರುವಿನ ಮುಂದೆ ನಿಂತರೆ ಈಗಲೂ ಊರಿನ ಮಕ್ಕಳ ಕೈಬರಹವೆಲ್ಲ ಸಾಲಾಗಿ ಕಾಣುತ್ತದೆ, ಒಂದು ಬಾಲದ ಹಾಗೆ ಮೇಲೆ ಹೋದರೆ ಇನ್ನೊಂದು ಕೆಳಗೆ ಜಾರಿದೆ.

ಅಂಟು ಅವರು ಮನೆಯಲ್ಲೇ ಮಾಡುತ್ತಿದ್ದರು. ಮೈದಾಹಿಟ್ಟು ಬೇಯಿಸಿ, ಹುಳ ಬೀಳದ ಹಾಗೆ ಮೈಲುತುತ್ತ ಅನ್ನುವ ನೀಲಿ ವಿಷ ಬೆರೆಸಿ, ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ಒಂದು ರಂಜಾನ್ ತಿಂಗಳಲ್ಲಿ ಆ ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಇವರು ಉಪವಾಸ, ಆದರೂ ಡಬ್ಬಿ ತಂದಿದ್ದಾರೆ, ಅಂದಮೇಲೆ ನಮಗೇ ತಂದಿರಬೇಕು ಅಂತ ಲೆಕ್ಕ ಹಾಕಿದೆ. ಮುಚ್ಚಳ ತೆಗೆದರೆ ಬೆಳ್ಳಗೆ ಮಂದವಾಗಿ, ಸ್ವಲ್ಪ ನೀಲಿ ಹೊಡೆಯುವ ಪಾಯಸ. ಒಂದು ಬೆರಳು ಅದ್ದಿಯೂ ಬಿಟ್ಟೆ. "ಅರೆ ಸಾರ್! ಮೈಲುತುತ್ತ!" ಅಂತ ಮೇಡಂ ಕೂಗಿದ ಕೂಗಿಗೆ ಹೊರಗೆ ಕಟ್ಟಿದ್ದ ಎಮ್ಮೆ ಎದ್ದು ನಿಂತಿತು. ಹಬ್ಬದ ದಿನ ನನ್ನ ಮನೆಗೆ ಶಾವಿಗೆ ಪಾಯಸ ಬಂತು. ಡಬ್ಬಿಯ ಮೇಲೆ ಮಕ್ಕಳ ಕೈಯಲ್ಲಿ ಒಂದು ಚೀಟಿ ಬರೆಸಿ ಅಂಟಿಸಿದ್ದರು: "ಬಿಲ್ ಸಾರ್, ಇದು ತಿನ್ನಬಹುದು."

ಅವರ ಇನ್ನೊಂದು ಕಾನೂನಿನಿಂದ ಊರೇ ಅಲ್ಲಾಡಿತು. ಓದುತ್ತಿರುವ ಮಗು ಯಾರು ಬಂದರೂ ಎದ್ದು ನಿಲ್ಲಬಾರದು. ನಮ್ಮ ಅಧ್ಯಕ್ಷರು ಒಳ್ಳೆಯವರು, ಆದರೆ ಗಂಟಲು ದೊಡ್ಡದು, ಮರ್ಯಾದೆಯ ವಿಷಯದಲ್ಲಿ ಸ್ವಲ್ಪ ಸೂಕ್ಷ್ಮ. ಒಂದು ದಿನ ಅವರು ಲೈಬ್ರರಿಯೊಳಕ್ಕೆ ಬಂದರು. ಮಕ್ಕಳು ಕೂತಲ್ಲಿಂದ ಕದಲಲಿಲ್ಲ.

"ಏನ್ ಮೇಡಂ, ಐಕ್ಳಿಗೆ ಮರ್ಯಾದೆ ಅನ್ನೋದು ಕಲ್ಸಿಲ್ವಾ?"

"ಸಾರ್, ನೀವು ಪ್ರತಿ ಶನಿವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗ್ತೀರಲ್ಲ. ಅಲ್ಲಿ ಕಣ್ಣು ಮುಚ್ಕೊಂಡು ನಿಂತಿರೋರು, ಅಧ್ಯಕ್ಷರು ಬಂದ್ರು ಅಂತ ತಿರುಗಿ ನಮಸ್ಕಾರ ಮಾಡ್ತಾರಾ?"

ಅಧ್ಯಕ್ಷರು ಬಂದ ದಾರಿಯಲ್ಲೇ ಹಿಂದಿರುಗಿದರು. ಮುಂದಿನ ಸಲ ಬಂದಾಗ ಯಾರೂ ಹೇಳದಿದ್ದರೂ ಚಪ್ಪಲಿಯನ್ನು ಹೊರಗೆ ಬಿಟ್ಟರು.

ಮೇಡಂ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುತ್ತಿದ್ದ ಮಾತು ಒಂದೇ: "ಬರೆದು ಕೊಡು ಬೇಟಾ." ಪಕ್ಕದವನು ಚಿವುಟಿದ, ಬರೆದು ಕೊಡು. ಬಿಸಿಯೂಟದ ಸಾರು ನೀರಾಗಿದೆ, ಬರೆದು ಕೊಡು. ಬರೆಯಲು ಬಾರದವರು ಚಿತ್ರ ಬಿಡಿಸಿ ಕೊಡಬಹುದು. "ಬಾಯಲ್ಲಿ ಹೇಳಿದ್ರೆ ದೊಡ್ಡೋರು ಅರ್ಧಕ್ಕೇ ಸುಮ್ಮನಿರಿಸ್ತಾರೆ ಸಾರ್. ಕಾಗದ ಮಧ್ಯದಲ್ಲಿ ನಿಲ್ಲಲ್ಲ" ಅನ್ನುತ್ತಿದ್ದರು. ಈ 'ಬೇಟಾ' ಊರಿಗೆ ಎಷ್ಟು ಅಂಟಿಕೊಂಡಿತೆಂದರೆ ನಮ್ಮ ಬೀದಿಯ ಅಜ್ಜಿಯೊಬ್ಬರು ಹಾಲು ಕುಡಿಯದ ಕರುವಿಗೂ "ಕುಡಿ ಬೇಟಾ" ಅನ್ನುವ ಮಟ್ಟಕ್ಕೆ ಬಂದರು.

ಈ ಬರೆದು ಕೊಡುವ ರೋಗ ಮೊದಲು ಜೋರಾಗಿ ಹತ್ತಿಕೊಂಡಿದ್ದು ಗುರುಮಲ್ಲಪ್ಪನ ಮಗಳು ಸಿಂಚನಳಿಗೆ. ಆಗ ಐದನೇ ಕ್ಲಾಸು. ಗುರುಮಲ್ಲಪ್ಪ ಚೆಂಡುಹೂ ಬೆಳೆಯುವವನು. ಹೂವಿನ ಕಾಲ ಬಂದರೆ ಹೊತ್ತು ಹುಟ್ಟುವ ಮೊದಲೇ ಮನೆಮಂದಿಯೆಲ್ಲ ಹೊಲದಲ್ಲಿ. ಹುಡುಗಿ ವಾರಕ್ಕೆ ಎರಡು ಮೂರು ದಿನ ಸ್ಕೂಲಿಗೆ ಚಕ್ಕರ್. ಒಂದು ಬೆಳಿಗ್ಗೆ ಗುರುಮಲ್ಲಪ್ಪ ನನ್ನ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಮಡಚಿದ ಕಾಗದ.

"ಏನ್ ಬಿಲ್ ಕಲೆಕ್ಟ್ರೇ, ಜೋಬಿಗೇ ನೋಟೀಸ್ ಇಟ್ಬುಟ್ಟಿದ್ದೀರಿ? ಮೊನ್ನೆ ತಾನೆ ಕಂದಾಯ ಕಟ್ನಿಲ್ವ?"

ಅವನಿಗೆ ಓದು ಬಾರದು. ಬೀಡಿ ತೆಗೆಯಲು ಜೋಬಿಗೆ ಕೈ ಹಾಕಿದರೆ ಕಾಗದ ಸಿಕ್ಕಿದೆ. ನಾನು ಬಿಡಿಸಿ ಓದಬೇಕು ಅನ್ನುವಷ್ಟರಲ್ಲಿ ಮೇಡಂ ಪಕ್ಕದ ರೂಮಿಂದ ಬಂದು, ಮೇಲೆ ಕಂಡ ಅಕ್ಷರದ ಗುರುತು ಹಿಡಿದು, ನನ್ನ ಕೈಯಿಂದ ಕಿತ್ತುಕೊಂಡರು. "ಇನ್ನೊಬ್ಬರ ಕಾಗದ ಓದಬಾರದು ಸಾರ್. ಬರೆದವಳೇ ಓದಲಿ." ಸ್ಕೂಲಿನಿಂದ ಸಿಂಚನಳನ್ನು ಕರೆಸಿದರು. ಹುಡುಗಿ ಮೇಡಂ ಸೆರಗು ಹಿಡಿದುಕೊಂಡೇ ಓದಿದಳು.

"ಅಪ್ಪ, ನಾನು ಹೂವ ಕೀಳಕ್ಕೆ ಬರಲ್ಲ ಅಂತಿಲ್ಲ. ಸ್ಕೂಲ್ ಇರೋ ದಿನ ಬರಲ್ಲ. ರಜ ಇದ್ದಾಗ ಬತ್ತೀನಿ. ಓದೋದು ಮಕ್ಕಳ ಹಕ್ಕು ಅಂತ ಪುಸ್ತಕದಲ್ಲಿ ಐತೆ. ಹೂವ ಕಿತ್ತು ಕಿತ್ತು ಬೆನ್ನು ನೋಯ್ತದೆ. ಅದು ಪುಸ್ತಕದಲ್ಲಿಲ್ಲ, ನಾನೇ ಬರ್ದಿವ್ನಿ."

ಗುರುಮಲ್ಲಪ್ಪ ಮಗಳ ಕಡೆ ತಿರುಗಿದ. "ಬಾಯಲ್ಲಿ ಯೋಳಿದ್ರೆ ಆಯ್ತಿರ್ನಿಲ್ವ ಕಣಮ್ಮಿ?"

"ಬಾಯಲ್ಲಿ ಯೋಳಿದ್ರೆ ನೀನು ಪೂರ್ತಿ ಕೇಳಲ್ಲ ಕಣಪ್ಪ."

ಅವನು ಕಾಗದ ಇಸ್ಕೊಂಡು ಮಡಚಿ ಅದೇ ಜೋಬಿಗಿಟ್ಟುಕೊಂಡ. ಅಲ್ಲಿಂದ ಮುಂದೆ ಸ್ಕೂಲಿರುವ ದಿನ ಮಗಳನ್ನು ಹೊಲಕ್ಕೆ ಕರೆಯಲಿಲ್ಲ. ಆದರೆ ಆ ವಾರವೆಲ್ಲ ಟೀ ಅಂಗಡಿಯಲ್ಲಿ ಕಾಗದ ತೆಗೆದು ತೋರಿಸುತ್ತಾ ತಿರುಗಿದ. "ನನ್ ಮಗಳು ನನಗೇ ನೋಟೀಸ್ ಕೊಟ್ಟವ್ಳೆ ಕನ್ರಪ್ಪ" ಅನ್ನುವಾಗ ಅವನ ಮುಖ ನೋಡಬೇಕಿತ್ತು, ಮೀಸೆಯ ಒಂದೊಂದು ಕೂದಲೂ ನಗುತ್ತಿತ್ತು.

ಇದೇ ಸಿಂಚನ ಮುಂದೆ ಮೇಡಂ ಮೇಲೆಯೇ ತಿರುಗಿಬಿದ್ದಳು. ಮಕ್ಕಳ ಗ್ರಾಮಸಭೆ ನಮ್ಮಲ್ಲಿ ವರ್ಷಕ್ಕೊಮ್ಮೆ ನಡೆಯುತ್ತದೆ. ಮೊದಲೆಲ್ಲ ಅದು ಹೇಗಿತ್ತೆಂದರೆ, ಮಕ್ಕಳು ಏನು ಕೇಳಬೇಕು ಅನ್ನುವುದನ್ನು ದೊಡ್ಡವರೇ ಚೀಟಿಯಲ್ಲಿ ಬರೆದು ಕೊಡುವುದು, ಮಕ್ಕಳು ಗಿಳಿಪಾಠ ಒಪ್ಪಿಸುವುದು, ಅಧ್ಯಕ್ಷರು ಪರಿಶೀಲಿಸುತ್ತೇವೆ ಅನ್ನುವುದು, ಬಿಸ್ಕತ್ತು ಹಂಚುವುದು, ಮುಗಿಯಿತು. ಮೇಡಂ ಆ ವರ್ಷ ಅಧ್ಯಕ್ಷರನ್ನೂ ಹೆಡ್ ಮಾಸ್ಟರನ್ನೂ ಒಪ್ಪಿಸಿ ಮಕ್ಕಳ ಕೈಗೆ ಖಾಲಿ ಹಾಳೆ ಕೊಟ್ಟರು. ಏನು ಬರೆದಿದ್ದಾರೆ ಅಂತ ತಾವೂ ನೋಡಲಿಲ್ಲ. ಸಭೆಯ ದಿನ ಮೊದಲು ಎದ್ದವಳು ಸಿಂಚನ.

"ಲೈಬ್ರರಿ ತೆಗೆಯೋದು ಹತ್ತು ಗಂಟೆಗೆ. ಆಗ ನಾವು ಸ್ಕೂಲಲ್ಲಿ ಇರ್ತೀವಿ, ಊಟದ ಬೆಲ್ ಹೊಡೆದಾಗ ಮಾತ್ರ ಓಡಿ ಬತ್ತೀವಿ. ಮುಚ್ಚೋದು ಐದು ಗಂಟೆಗೆ. ಆಗ ನಾವು ಬ್ಯಾಗ್ ಇಟ್ಟು ಕೈಕಾಲು ತೊಳಿತಾ ಇರ್ತೀವಿ. ಬದನಗುಪ್ಪೆ ಫ್ಯಾಕ್ಟರಿಗೆ ಹೋಗೋ ಅಮ್ಮಂದಿರ ವ್ಯಾನು ಬರೋದು ಏಳು ಗಂಟೆಗೆ. ಅಲ್ಲಿ ಗಂಟ ಐಕ್ಳು ಬಾಗಿಲಲ್ಲಿ ಕೂತಿರ್ತವೆ. ಲೈಬ್ರರಿ ಮಕ್ಕಳಿಗೆ ಅಂತ ಗೋಡೆ ಮೇಲೆ ಬರ್ದವ್ರೆ. ಹಂಗಾದ್ರೆ ಅದು ಯಾವ ಮಕ್ಕಳಿಗೆ?"

ಎಲ್ಲರ ಕತ್ತೂ ಮೇಡಂ ಕಡೆ ತಿರುಗಿತು. ಅವರ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಶುರುವಾಯಿತು ನೋಡಿ ನಗು, ಪ್ಲಾಸ್ಟಿಕ್ ಕುರ್ಚಿ ಕಿರ್ರೆಂದು ಕೂಗುವ ಹಾಗೆ. ಕಣ್ಣೊರೆಸಿಕೊಂಡು ಎದ್ದು ನಿಂತು, "ಇದಕ್ಕೆ ಜವಾಬು ಹೇಳಬೇಕಾದವಳು ನಾನೇ. ನನ್ನ ಹತ್ರ ಜವಾಬು ಇಲ್ಲ" ಅಂದರು.

ಅವತ್ತು ಸಂಜೆ ಬಸ್ಸಿಗೆ ಕಾಯುವಾಗ ನನಗೆ ಹೇಳಿದರು: "ಮೊದಲು ಹೊಟ್ಟೆ ಉರೀತು ಸಾರ್. ಪೆನ್ನು ಹಿಡಿಸಿದ್ದು ನಾನು, ಅದರಲ್ಲಿ ಚುಚ್ಚಿದ್ದು ನನಗೇ. ಆಮೇಲೆ ಅನ್ನಿಸ್ತು, ನನ್ನನ್ನೇ ಕೇಳೋ ಧೈರ್ಯ ಬಂತಲ್ಲ, ಇನ್ನು ಇವಳು ಯಾರನ್ನ ಬಿಡ್ತಾಳೆ?" ಹಾಗೆನ್ನುತ್ತಾ ಮತ್ತೆ ನಕ್ಕರು. ಅಂಥ ನಗುವನ್ನು ನಾನು ಅದಕ್ಕೆ ಮೊದಲು ಯಾವ ಸರ್ಕಾರಿ ಮುಖದ ಮೇಲೂ ಕಂಡಿರಲಿಲ್ಲ.

ಸಂಜೆ ಏಳರವರೆಗೆ ಮೇಡಂ ಕೂತರೆ ಆಮೇಲೆ ಚಾಮರಾಜನಗರಕ್ಕೆ ಬಸ್ಸಿಲ್ಲ. ಹಾಗಾಗಿ ಮಾರನೇ ದಿನ ಅಧ್ಯಕ್ಷರ ಮುಂದೆ ಹೋಗಿ, ಸಂಜೆ ಹೊತ್ತು ಕೀ ಮಕ್ಕಳ ಕೈಯಲ್ಲಿ ಇರಲಿ, ಅವರೇ ನಡೆಸಲಿ ಅಂದರು.

"ಐಕ್ಳ ಕೈಗೆ ಬೀಗದ್ ಕೈಯಾ? ಪುಸ್ತಕ ಎಲ್ಲಾ ಹರ್ದು ರಾಕೆಟ್ ಮಾಡ್ಬುಡ್ತವೆ ಮೇಡಂ!"

"ಹರಿದಿದ್ದು ನಾನು ಹೊಲಿತೀನಿ ಸಾರ್. ಕಳೆದ್ರೆ ನನ್ನನ್ನ ಕೇಳಿ. ಬೇಕಾದ್ರೆ ಬರೆದು ಕೊಡ್ತೀನಿ." ಬರೆದೂ ಕೊಟ್ಟರು. ಏನಾದರೂ ಹೆಚ್ಚುಕಡಿಮೆಯಾದರೆ ಕೆಲಸಕ್ಕೇ ಕುತ್ತು ಅಂತ ನಾನು ಬಡಕೊಂಡೆ. ಕೇಳಲಿಲ್ಲ.

ಕೀ ಕೈಗೆ ಬಂದ ಮೇಲೆ ಮಕ್ಕಳು ರಾಕೆಟ್ ಮಾಡಲಿಲ್ಲ. ಕಾನೂನು ಮಾಡಿದರು! ಎಲೆ ಅಡಿಕೆ ಹಾಕಿಕೊಂಡು ಬರಬಾರದು, ಮೊಬೈಲಿನಲ್ಲಿ ಕೂಗಬಾರದು, ತಪ್ಪಿದವರು ಎಲ್ಲರಿಗೂ ಕೇಳಿಸುವ ಹಾಗೆ ಒಂದು ಪುಟ ಓದಿ ಹೋಗಬೇಕು. ಮೊದಲು ಸಿಕ್ಕಿಬಿದ್ದವನು ನಾನೇ. ಸಂಜೆ ಮೊಬೈಲಿನಲ್ಲಿ ಯಾರಿಗೋ ಗದರಿಸುತ್ತಾ ಒಳಗೆ ಹೋಗಿಬಿಟ್ಟೆ. ಪುಟಾಣಿಯೊಬ್ಬಳು "ನಮ್ಮಜ್ಜಿ ಸೀರೆ ಪುಸ್ತಕ"ವನ್ನು ತಂದು ಕೈಗಿಟ್ಟಳು. ಜಾಣ ನರಿಯ ಕಥೆ. ಕಷ್ಟಪಟ್ಟು ಒಂದು ಪುಟ ಓದಿದೆ. ಮುಗಿದ ಮೇಲೆ ಆ ಮಗು, "ಬಿಲ್ ಸಾರ್, ನೀವು ನರೀಗೂ ಕಂದಾಯ ಕೇಳ್ದಂಗೆ ಓದ್ತೀರ. ಇನ್ನೊಂದ್ಸಲ ಓದಿ" ಅಂದಿತು. ಇನ್ನೊಂದು ಸಲ ಓದಿದೆ. ಕಥೆ ಮುಂದೇನಾಯಿತು ಅಂತ ತಿಳಿಯಲೇಬೇಕಾಗಿ ಬಂದು ಮಾರನೇ ದಿನವೂ ಹೋದೆ. ಮನೆಯಲ್ಲಿ ಹೆಂಡತಿಗೆ ಹೇಳಲಿಲ್ಲ.

ವರ್ಷ ಕಳೆದು ಪುಸ್ತಕ ಎಣಿಸಿದಾಗ ಕಳೆದದ್ದಕ್ಕಿಂತ ಸೇರಿಕೊಂಡದ್ದೇ ಜಾಸ್ತಿಯಿತ್ತು. ಮನೆಯಲ್ಲಿದ್ದ ಹಳೆಯ ಪುಸ್ತಕಗಳನ್ನು ಮಕ್ಕಳೇ ತಂದು ಬೀರುವಿನಲ್ಲಿ ಸೇರಿಸಿದ್ದರು. ಆಮೇಲೆ ಯಾರೂ ಕೀ ವಿಷಯ ಎತ್ತಲಿಲ್ಲ. ಸಿಂಚನ ಈಗ ಹೈಸ್ಕೂಲಿಗೆ ತೆರಕಣಾಂಬಿಗೆ ಹೋಗಿಬರುತ್ತಾಳೆ. ಬಸ್ಸಿಳಿದು ಮನೆಗೆ ಹೋಗುವ ಮುಂಚೆ ಬೀಗ ತೆಗೆಯುತ್ತಾಳೆ.

ಹೀಗಿರುವಾಗ ಮೇಡಂಗೆ ವಯಸ್ಸಾಯಿತು, ನಿವೃತ್ತಿ ಬಂತು, ಶಾಲು ಬಿತ್ತು. ಹೊಸಬರು ಯಾರೂ ಇನ್ನೂ ಬಂದಿಲ್ಲ. ಬೀಳ್ಕೊಡುಗೆಯಾಗಿ ಎರಡು ವಾರಕ್ಕೆ ಅಧ್ಯಕ್ಷರು ನನ್ನನ್ನು ಕರೆದರು.

"ನೋಡಯ್ಯ, ನೀರಿನ ಪೈಪು, ಬ್ಲೀಚಿಂಗ್ ಪೌಡರ್ ಮೂಟೆ ಎಲ್ಲಾ ವರಾಂಡದಲ್ಲಿ ಬಿದ್ದವೆ. ಹೊಸಬರು ಬರೋ ಗಂಟ ಆ ರೂಮಿಗೆ ಹಾಕ್ಬುಡನ. ಓಗಿ ಕೀ ಇಸ್ಕೊಂಡ್ ಬಾ."

ಮೂಟೆ ಒಂದು ಸಲ ಒಳಗೆ ಹೋದರೆ ಆಚೆ ಬರುವುದಿಲ್ಲ. ಇದು ಪಂಚಾಯಿತಿಯಲ್ಲಿ ಕೂದಲು ನರೆಸಿಕೊಂಡ ನನಗೆ ಗೊತ್ತಿಲ್ಲವೇ? ಆದರೂ ಹೇಳಿದ ಕೆಲಸ. ಸಂಜೆ ಎದ್ದು ಪಕ್ಕದ ರೂಮಿಗೆ ಹೋದೆ.

ಒಳಗೆ ಚಾಪೆಯ ತುಂಬ ಮಕ್ಕಳು. ಮೇಡಂ ಚಾಮರಾಜನಗರದಿಂದ ಬಸ್ಸಿನವರ ಕೈಯಲ್ಲಿ ಕಳಿಸಿದ್ದ ನಾಲ್ಕು ಪುಸ್ತಕ ಬೀರುವಿನ ಮೊದಲ ಸಾಲಿನಲ್ಲಿ ಜರಿ ಮಿಂಚಿಸಿಕೊಂಡು ನಿಂತಿದ್ದವು. ನಮ್ಮ ಪಂಚಾಯಿತಿಯ ಶಾಲು. ಬೆನ್ನಿನ ಮೇಲೆ ಹೆಸರಿರಲಿಲ್ಲ, ಇನ್ನೂ ಯಾರೂ ಓದಿ ಮುಗಿಸಿರಲಿಲ್ಲ. ಐದನೆಯದೂ ಒಂದಿತ್ತು, ಅದು ಸಿಂಚನಳ ಕೈಯಲ್ಲಿತ್ತು. ಮೇಡಂ ಅವತ್ತು ಹೇಳಿದ್ದಕ್ಕಿಂತ ಒಂದು ಪುಸ್ತಕದ ಬಟ್ಟೆ ಶಾಲಿನಲ್ಲಿ ಜಾಸ್ತಿಯೇ ಇತ್ತು.

"ಸಿಂಚನ, ಕೀ ಕೊಡವ್ವ. ಅಧ್ಯಕ್ಷರು ರೂಮು ಮುಚ್ಚಬೇಕಂತೆ" ಅಂದೆ.

"ಯಾಕಂತೆ ಸಾರ್?"

"ಸಾಮಾನು ಇಡಬೇಕಂತೆ."

"ಅದನ್ನ ಬರೆದು ಕೊಡಿ ಸಾರ್. ನಾವು ಮಕ್ಕಳ ಗ್ರಾಮಸಭೇಲಿ ಓದ್ತೀವಿ." ಹಾಗೆಂದು ಪಕ್ಕದಿಂದ ಒಂದು ಖಾಲಿ ಹಾಳೆ, ಪೆನ್ನು ಸರಿಸಿದಳು.

ನಾನು ಚಾಪೆಯ ಮೇಲೆ ಕಾಲು ಮಡಚಿ ಕೂತೆ. ನನ್ನ ಸರ್ವೀಸಿನಲ್ಲಿ ನಾನು ಬರೆಯದ ನೋಟೀಸಿಲ್ಲ. 'ಈ ಮೂಲಕ ತಿಳಿಸುವುದೇನೆಂದರೆ' ಅಂತ ಬರೆದೆ. ಮುಂದೆ ಪೈಪು ಅಂತ ಬರೆಯಬೇಕು. ತಲೆ ಎತ್ತಿದರೆ ನರಿಯ ಕಥೆಯ ಪುಟಾಣಿ ನನ್ನ ಹಾಳೆಯ ಮೇಲೆ ಬಗ್ಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದೆ: "ತಿ... ಳಿ... ಸು..." ನನ್ನಿಂದ ಆಗಲಿಲ್ಲ. ಹಾಳೆ ತೆಗೆದುಕೊಂಡು ಎದ್ದು ಬಂದು ಅಧ್ಯಕ್ಷರ ಮುಂದಿಟ್ಟೆ.

"ಕೀ ಎಲ್ಲಯ್ಯಾ?"

"ಯಾಕೆ ಮುಚ್ಚಬೇಕು ಅಂತ ಬರೆದು ಕೊಡಬೇಕಂತೆ ಸಾರ್. ಸಭೇಲಿ ಓದ್ತಾರಂತೆ. ನನಗೆ ಮುಂದಕ್ಕೆ ಹೋಗ್ಲಿಲ್ಲ. ನೀವೇ ಒಂದು ಸಾಲು ಬರೀರಿ."

ಅಧ್ಯಕ್ಷರು ಜೋಬಿನಿಂದ ಪೆನ್ನು ತೆಗೆದರು. ಹಾಳೆ ನೋಡಿದರು. ಗೋಡೆಯಾಚೆಯಿಂದ ಮಕ್ಕಳು ಓದುವ ಗುಜುಗುಜು ಕೇಳಿಸುತ್ತಿತ್ತು. ಇನ್ನೊಂದು ಸಲ ಹಾಳೆ ನೋಡಿದರು. ಪೆನ್ನಿನ ಕ್ಯಾಪು ಹಾಕಿ ಜೋಬಿಗೆ ಸಿಕ್ಕಿಸಿಕೊಂಡರು.

"ವರಾಂಡದಲ್ಲೇ ಇರ್ಲಿ ಬುಡಯ್ಯ, ಪೈಪೇನು ಮಳೇಲಿ ಕರಗೋಯ್ತದಾ?"

ನಾನು ಹೊರಗೆ ಬಂದು ಮೊದಲು ಮಾಡಿದ ಕೆಲಸ ಮೇಡಂಗೆ ಫೋನು. ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಅಧ್ಯಕ್ಷರ ಮಾತನ್ನಾಗಲಿ ಕೀ ವಿಷಯವನ್ನಾಗಲಿ ಅವರು ಕೆದಕಲಿಲ್ಲ.

"ಸಾರ್, ನೀವು ಒಳಗೆ ಹೋದಾಗ ಅವಳು ಎದ್ದು ನಿಂತು ಮಾತಾಡಿದ್ಲಾ, ಕೂತ್ಕೊಂಡೇನಾ?"

ಸ್ವಲ್ಪ ಯೋಚಿಸಿ ನೆನಪು ಮಾಡಿಕೊಂಡೆ.

"ಕೂತ್ಕೊಂಡೇ ಮೇಡಂ. ಪುಟದ ಮೇಲೆ ಇಟ್ಟಿದ್ದ ಬೆರಳು ಕೂಡ ತೆಗೀಲಿಲ್ಲ."

ಫೋನಿನಲ್ಲಿ ಆ ಕುರ್ಚಿ ಅಲ್ಲಾಡಿಸುವ ನಗು ಬಹಳ ಹೊತ್ತು ಕೇಳಿಸಿತು. ಆಮೇಲೆ ಮತ್ತೆ ಹೊಲಿಗೆ ಮೆಷಿನ್ನು ಶುರುವಾಯಿತು.